ಹಲೋ ಅಕ್ಕನ ಕೆಮ್ಮು

ನಮ್ಮ ಅತ್ತೆಯನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಅಪ್ಪನ ಒಬ್ಬಳೇ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿದ ವರ್ಷದಿಂದ ಎಲ್ಲರ ಬಾಯಲ್ಲೂ ಅವಳು 'ಹಲೋ ಅಕ್ಕ'. ಅವಳ ತಂದೆಯ ವಯಸ್ಸಿನ ಮೂಲೆ ಅಂಗಡಿಯ ದರ್ಜಿಯೂ ಹಾಗೇ ಕರೆಯುತ್ತಿದ್ದ. ಅವಳದು ಜೇನಿನಂಥ ದನಿಯೇನಲ್ಲ. ಸ್ವಲ್ಪ ದಪ್ಪ, ಸ್ವಲ್ಪ ಒರಟು, ಈಗಷ್ಟೇ ನಿದ್ದೆಯಿಂದೆದ್ದು ಮಾತಾಡಿದ ಹಾಗೆ. ಆದರೆ ಒಂದು ಸಲ ಫೋನಿನಲ್ಲಿ ಕೇಳಿದವರು ಮರೆಯುತ್ತಿರಲಿಲ್ಲ. ಕೊನೆಗೆ ಅವಳು ಜೈಲಿಗೆ ಹೋಗಿದ್ದೂ ಆ ಗಂಟಲಿನಿಂದಲೇ.

ಅವಳು ಹುಡುಗಿಯಾಗಿದ್ದಾಗ ನಮ್ಮ ದೇಶದಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕಿರಲಿಲ್ಲ, ಸರ್ಕಾರಿ ಕೆಲಸವೂ ಸಿಗುತ್ತಿರಲಿಲ್ಲ. ಸಂವಿಧಾನದಲ್ಲಿ 'ಪ್ರಜೆ' ಎಂದು ಬರುವ ಕಡೆಯಲ್ಲೆಲ್ಲ ಅದರ ಹಿಂದೆ 'ಪುರುಷ' ಎಂಬ ಪದ ಅಂಟಿಕೊಂಡಿತ್ತು. ಅದನ್ನು ಕಿತ್ತುಹಾಕುವ ತಿದ್ದುಪಡಿ ಬಂದಾಗ ಅತ್ತೆಗೆ ಹತ್ತೋ ಹನ್ನೊಂದೋ ವರ್ಷ. ಜನ ಅದಕ್ಕೆ 'ಹೆಂಗಸರ ತಿದ್ದುಪಡಿ' ಎಂದೇ ಹೆಸರಿಟ್ಟರು. ಮುಂದಿನ ಚುನಾವಣೆಯ ದಿನ ನಮ್ಮ ಅಜ್ಜಿ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟು, ಮಗಳ ಕೈ ಹಿಡಿದುಕೊಂಡು ಮತಗಟ್ಟೆಗೆ ಹೋದಳು. ಹೊರಡುವಾಗ ಅಜ್ಜ, "ಮೇಲಿಂದ ಎರಡನೇದಕ್ಕೆ ಹಾಕು, ಮರೀಬೇಡ" ಎಂದು ಬಾಗಿಲವರೆಗೂ ಬಂದು ಹೇಳಿದ್ದರು.

ಅಜ್ಜಿ ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಅಧಿಕಾರಿಗೆ ತಾಳ್ಮೆ ಕೆಟ್ಟಿತು.

"ಏನಮ್ಮಾ, ಒಳಗೆ ಅಡುಗೆ ಮಾಡ್ತಿದೀರಾ?"

"ನಾವು ಇಷ್ಟು ವರ್ಷ ಕಾದ್ವಿ. ನೀವು ಸ್ವಲ್ಪ ಕಾಯಿರಿ" ಎಂದಿತು ಒಳಗಿನ ದನಿ.

ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮನೆಗೆ ಬಂದ ಮೇಲೆ ಅಜ್ಜ ಕೇಳಿದ್ದಕ್ಕೆ ಅಜ್ಜಿ, "ಪರದೆ ಯಾಕೆ ಹಾಕಿದಾರೆ ಮತ್ತೆ?" ಎಂದಷ್ಟೇ ಹೇಳಿ ಒಲೆಯ ಮುಂದೆ ಕೂತಳು. ಈ ಕತೆಯನ್ನು ಅತ್ತೆ ನನಗೆ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾಳೆ, ಪ್ರತಿ ಸಲವೂ ಅಜ್ಜಿಯ ದನಿಯನ್ನು ಹಾಗೇ ತೆಗೆದು.

ಅದೇ ತಿದ್ದುಪಡಿಯ ದೆಸೆಯಿಂದ ಎಕ್ಸ್‌ಚೇಂಜಿನ ಬಾಗಿಲೂ ತೆರೆಯಿತು. ಅತ್ತೆ ಸೇರಿದಾಗ ಅಲ್ಲಿ ಸಾಲಾಗಿ ಎತ್ತರದ ಸ್ಟೂಲುಗಳು, ಎದುರಿಗೆ ಗೋಡೆಯಷ್ಟು ಉದ್ದದ ಬೋರ್ಡು, ಬೋರ್ಡಿನ ತುಂಬ ಸಣ್ಣ ಸಣ್ಣ ತೂತುಗಳು. ಒಂದೊಂದು ತೂತು ಒಂದೊಂದು ಮನೆ, ಇಲ್ಲವೇ ಅಂಗಡಿ, ಇಲ್ಲವೇ ಕಚೇರಿ. ದೀಪ ಹೊತ್ತಿಕೊಂಡಾಗ ವೈರಿನ ಪಿನ್ನನ್ನು ಒಂದರಲ್ಲಿ ಚುಚ್ಚಿ, ನಂಬರ್ ಕೇಳಿ, ಇನ್ನೊಂದು ಪಿನ್ನನ್ನು ಇನ್ನೊಂದರಲ್ಲಿ ಚುಚ್ಚಿದರೆ ಇಬ್ಬರು ಮಾತಾಡುತ್ತಿದ್ದರು. ಆಮೇಲೆ ಆಪರೇಟರ್ ತನಗೆ ಕೇಳಿಸುವ ಕೀಲಿ ಮುಚ್ಚಿ ತನ್ನ ಕಿವಿಯನ್ನು ಆ ಲೈನಿನಿಂದ ತೆಗೆದುಬಿಡಬೇಕು. ಅದು ಅಲ್ಲಿಯ ನಿಯಮ, ಮಾನ ಮರ್ಯಾದೆಯ ಪ್ರಶ್ನೆಯೂ ಹೌದು. ಹಾಗಿದ್ದರೂ ಮುಚ್ಚುವ ಮೊದಲು ಒಂದೆರಡು ಮಾತು ಕಿವಿಗೆ ಬಿದ್ದೇ ಬೀಳುತ್ತಿತ್ತು. ಮನೆಯಲ್ಲಿ ಅವಳ ಮದುವೆಯ ಮಾತು ತೆಗೆದರೆ ಅತ್ತೆ, "ದಿನಾ ಊರಿನ ಗಂಡ ಹೆಂಡಿರ ಜಗಳದ ತಲೆ ಬಾಲ ಕೇಳ್ತಾನೇ ಇರ್ತೀನಿ. ಮನೆಗೂ ಒಂದು ತರಬೇಕಾ?" ಎಂದು ಹಾರಿಸಿಬಿಡುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಅವಳೂ ಅಜ್ಜಿಯೂ ನಮ್ಮ ಜೊತೆಯಲ್ಲೇ ಇದ್ದರು. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಎರಡು ಕೋಣೆ, ಒಂದು ಅಡುಗೆಮನೆ, ಐದು ಜನ. ಜಗಳವಾದರೆ ಸಿಟ್ಟು ಮಾಡಿಕೊಂಡು ಹೋಗಿ ಕೂರಲು ಬೇರೆ ಕೋಣೆ ಇರಲಿಲ್ಲವಾದ್ದರಿಂದ ಎಲ್ಲ ಬೇಗ ರಾಜಿಯಾಗಿಬಿಡುತ್ತಿತ್ತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಂದರಿನ ಒಂದು ಗೋದಾಮು ಸ್ಫೋಟಗೊಂಡಿತು. ಯಾರು ಮಾಡಿದರೆಂದು ಇವತ್ತಿಗೂ ಗೊತ್ತಿಲ್ಲ. ದೇಶದ ಒಳಗೇ ಶತ್ರುಗಳಿದ್ದಾರೆ ಎಂದು ಸರ್ಕಾರ ಹೇಳಿತು. ಯಾರನ್ನೂ ಕಾರಣ ತಿಳಿಸದೆ ಬಂಧಿಸಕೂಡದು, ಯಾರ ಪತ್ರವನ್ನೂ ಮಾತನ್ನೂ ಕದ್ದು ನೋಡಕೂಡದು, ಕೇಳಕೂಡದು ಎಂದು ಸಂವಿಧಾನದಲ್ಲಿ ಒಂದು ವಿಧಿಯಿತ್ತು. ಆ ವಿಧಿಯನ್ನು ತೆಗೆಯಲಿಲ್ಲ. ಅದರ ಕೊನೆಗೆ 'ರಾಷ್ಟ್ರದ ಭದ್ರತೆಗೆ ಅಗತ್ಯವಿದ್ದಾಗಲ್ಲದೆ' ಎಂದು ಸೇರಿಸಿದರು, ಅಷ್ಟೇ. ಬೆಳಿಗ್ಗೆ ಶಾಸನಸಭೆಯ ಮುಂದೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಪಾಸಾಗಿತ್ತು.

ಅಪ್ಪ ಪೇಪರ್ ಓದಿ, "ಒಳ್ಳೇದೇ ಆಯ್ತು ಬಿಡು. ತಪ್ಪು ಮಾಡದವರಿಗೆ ಏನಂತೆ?" ಎಂದ.

"ಯಾವುದು ತಪ್ಪು ಅಂತ ಹೇಳೋರು ಯಾರು?" ಎಂದಳು ಅತ್ತೆ.

"ನೀನು ಯಾವಾಗಲೂ ಒಂದು ಕೊಕ್ಕೆ ಹಾಕ್ತೀಯ."

ಆ ದಿನ ನಮ್ಮ ಬೀದಿಗೆ ನೀರು ಬಂದಿರಲಿಲ್ಲ. ಅಮ್ಮನಿಗೆ ಅದೇ ದೊಡ್ಡ ಚಿಂತೆ. ಮಾತು ಅಲ್ಲಿಗೇ ನಿಂತಿತು.

ಎಕ್ಸ್‌ಚೇಂಜಿನ ಮೇಲ್ವಿಚಾರಕನಿಗೆ ಆಪರೇಟರುಗಳು ಇಟ್ಟ ಹೆಸರು 'ಬೆಕ್ಕು'. ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನು ಸಣ್ಣ ಕುಂಚ ಹಿಡಿದುಕೊಂಡು ಬಂದು ಬೋರ್ಡಿನ ಕೆಲವು ತೂತುಗಳ ಪಕ್ಕದಲ್ಲಿ ಕೆಂಪು ಚುಕ್ಕೆ ಇಟ್ಟ. ಚುಕ್ಕೆಯಿರುವ ಲೈನಿಗೆ ಜೋಡಿಸಿದ ಮೇಲೆ ಇನ್ನು ಕೀಲಿ ಮುಚ್ಚಬಾರದು. ಕೇಳಬೇಕು. ಕೇಳಿದ್ದನ್ನು ಚೀಟಿಯಲ್ಲಿ ಬರೆದು ಅವನ ಮೇಜಿಗೆ ಮುಟ್ಟಿಸಬೇಕು. ಅತ್ತೆಯ ಬೋರ್ಡಿನಲ್ಲಿ ಮುದ್ರಣಾಲಯಕ್ಕೆ, ಒಬ್ಬ ಜವಳಿ ವ್ಯಾಪಾರಿಗೆ, ಕಾಲೇಜಿನ ಹಾಸ್ಟೆಲಿಗೆ, ಬಸ್ ಕಾರ್ಮಿಕರ ಸಂಘದ ಕಚೇರಿಗೆ ಚುಕ್ಕೆ ಬಿತ್ತು.

ಆವತ್ತು ಅತ್ತೆ ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ. ಕೈ ಕಾಲು ತೊಳೆದು, ಕಿವಿಯನ್ನೂ ಸೋಪು ಹಚ್ಚಿ ತೊಳೆದಳು. "ಏನಾಯ್ತೇ?" ಎಂದು ಅಜ್ಜಿ ಕೇಳಿದರೆ, "ಏನಿಲ್ಲಮ್ಮ, ಧೂಳು" ಎಂದಳು.

ಕೆಮ್ಮು ಶುರುವಾಗಿದ್ದು ನಿಜವಾದ ನೆಗಡಿಯಿಂದ. ಮುದ್ರಣಾಲಯದ ಲೈನಿನಲ್ಲಿ ಕೇಳುತ್ತ ಕೂತಿದ್ದಾಗ ತಡೆಯಲಾರದೆ ಕೆಮ್ಮಿಬಿಟ್ಟಳು. ಆ ಕಡೆ ಮುದ್ರಕ ಮಾತು ನಿಲ್ಲಿಸಿ, "ಯಾರದು?" ಎಂದ. ಮರುಕ್ಷಣವೇ ಕಾಗದದ ರೀಮು ಎಷ್ಟಾಯಿತು, ಮಸಿ ಯಾವಾಗ ಬರುತ್ತದೆ ಎಂದು ಬೇರೆ ಮಾತಿಗೆ ಇಳಿದ. ಚೀಟಿಯಲ್ಲಿ ಬರೆಯಲು ಕಾಗದ, ಮಸಿ ಬಿಟ್ಟು ಇನ್ನೇನೂ ಇರಲಿಲ್ಲ. ಅತ್ತೆಗೆ ದಾರಿ ಸಿಕ್ಕಿತು. ನೆಗಡಿ ವಾಸಿಯಾಯಿತು, ಕೆಮ್ಮು ಉಳಿಯಿತು. ಚುಕ್ಕೆಯ ಲೈನಿಗೆ ಪಿನ್ನು ಚುಚ್ಚಿದ ಕೂಡಲೇ ಒಂದು ಸಣ್ಣ ಕೆಮ್ಮು. ಗೊತ್ತಾಗಬೇಕಾದವರಿಗೆ ಗೊತ್ತಾಯಿತು. ಅವರಿಂದ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ.

ಬೆಕ್ಕು ಅವಳನ್ನು ಕರೆದು ಡಾಕ್ಟರ ಹತ್ತಿರ ಕಳಿಸಿದ. ಡಾಕ್ಟರು ಕಹಿ ಔಷಧಿ ಬರೆದುಕೊಟ್ಟರು. ಮನೆಯಲ್ಲಿ ಅದನ್ನು ಮುಖ ಕಿವಿಚಿಕೊಂಡು ಕುಡಿಯುವಾಗ ಅಜ್ಜಿ, "ಮನೇಲಿ ಒಂದು ಸಲಾನೂ ಕೆಮ್ಮಲ್ಲ ನೀನು. ಔಷಧಿ ಯಾಕೆ?" ಎಂದಳು.

"ಕಾಯಿಲೆ ಸರ್ಕಾರದ್ದು ಅಮ್ಮ. ಔಷಧಿ ಮಾತ್ರ ನನಗೆ."

ಆ ದಿನಗಳಲ್ಲೇ ಬಸ್ಸಿನವರು ಮುಷ್ಕರಕ್ಕೆ ತಯಾರಾಗುತ್ತಿದ್ದರು. ಸಂಘದ ಕಾರ್ಯದರ್ಶಿ ಒಬ್ಬ ಕಂಡಕ್ಟರ್, ಅಪ್ಪನ ಜೀವದ ಗೆಳೆಯ. ಮನೆಗೆ ಬಂದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟಿಕೆಟ್ ಕೊಡುವ ಆಟ ಆಡುತ್ತಿದ್ದ. ಮುಷ್ಕರದ ಹಿಂದಿನ ದಿನ ಅವನನ್ನೂ ಇನ್ನು ಕೆಲವು ಡ್ರೈವರುಗಳನ್ನೂ ಹಿಡಿದುಕೊಂಡು ಹೋದರು. ಅಪ್ಪ ಆ ವಾರ ಜ್ವರವೆಂದು ಕಂಬಳಿ ಹೊದ್ದು ಮನೆಯಲ್ಲೇ ಮಲಗಿದ್ದ. ಅವನನ್ನು ಯಾರೂ ಕೇಳಲಿಲ್ಲ. ಬಸ್ಸುಗಳು ಎಂದಿನಂತೆ ಓಡಿದವು.

ಅತ್ತೆ ಸಿಕ್ಕಿಬಿದ್ದದ್ದು ಜವಳಿ ವ್ಯಾಪಾರಿಯ ಬಾಯಿಂದ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗವಿಲ್ಲ. ಅವಳು ಕೆಮ್ಮಿದ ಕೂಡಲೇ ಅವನು ಆಚೆಯವನಿಗೆ, "ತಡಿಯಪ್ಪ, ಹಲೋ ಅಕ್ಕ ಕೆಮ್ಮಿದ್ಲು, ಆಮೇಲೆ ಸಿಗು" ಎಂದುಬಿಟ್ಟ. ಆ ಲೈನಿಗೆ ಬೆಕ್ಕು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದು ಅತ್ತೆಗೆ ಗೊತ್ತಿರಲಿಲ್ಲ.

ಪಾಳಿ ಬದಲಾಗುವ ಹೊತ್ತಿಗೆ ಬಂದರು. ಹೊಸ ಪಾಳಿಯವರು ಒಳಗೆ ಬರುತ್ತಿದ್ದಾರೆ, ಹಳೆಯವರು ಊಟದ ಡಬ್ಬಿ ಎತ್ತಿಕೊಳ್ಳುತ್ತಿದ್ದಾರೆ, ನಡುವೆ ಇಬ್ಬರು ಮಹಿಳಾ ಪೊಲೀಸರು, ಒಬ್ಬ ಎಳೆಯ ಅಧಿಕಾರಿ.

"ಕಾರಣ ಏನು?" ಎಂದು ಅತ್ತೆ ಕೇಳಿದಳು.

"ಕಾರಣ ಹೇಳಬೇಕಾಗಿಲ್ಲ ಮೇಡಂ."

"ಹೇಳಬೇಕಾಗಿಲ್ವೋ, ನಿಮಗೇ ಗೊತ್ತಿಲ್ವೋ?"

"ಗೊತ್ತಿದೆ. ಹೇಳಬೇಕಾಗಿಲ್ಲ" ಎಂದ ಅವನು, ತುಂಬ ಮರ್ಯಾದೆಯಿಂದ. ಪಕ್ಕದ ಸ್ಟೂಲುಗಳಲ್ಲಿ ಇಷ್ಟು ವರ್ಷ ಕೂತವರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಬೋರ್ಡಿನಲ್ಲಿ ದೀಪಗಳು ಹೊತ್ತಿಕೊಳ್ಳುತ್ತಲೇ ಇದ್ದವು, ಯಾರೋ ಅವಳ ಜಾಗದಲ್ಲಿ ಕೂತು "ನಂಬರ್ ಹೇಳಿ" ಎಂದರು.

ಅಪ್ಪ ಅಮ್ಮ ವಕೀಲರ ಹತ್ತಿರ ಓಡಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ ಕೈಯಿಟ್ಟುಕೊಂಡು ವಕೀಲರು ಹೇಳಿದ್ದು ನನಗೆ ನೆನಪಿದೆ. "ಮೊದಲಾಗಿದ್ರೆ ನಾಳೆಯೇ ಕೋರ್ಟಿನಲ್ಲಿ ನಿಂತು ಕೇಳ್ತಿದ್ದೆ, ಯಾಕೆ ಹಿಡಿದ್ರಿ ಅಂತ. ಈಗ ಕೇಳೋ ಹಕ್ಕು ಕೋರ್ಟಿಗೇ ಇಲ್ಲ. ಹಕ್ಕಿಲ್ಲ ಅಂತ ಸಂವಿಧಾನವೇ ಹೇಳಿದ ಮೇಲೆ ನಾನು ಯಾವುದನ್ನ ತೋರಿಸಲಿ?"

"ತಪ್ಪೇನು ಅಂತಾದ್ರೂ..." ಎಂದ ಅಪ್ಪ.

"ಅದೇ ಹೇಳ್ತಿದೀನಲ್ಲ. ತಪ್ಪು ಬೇಕಾಗಿಲ್ಲ."

ಅಪ್ಪ ಪೇಪರ್ ಓದಿ ಆಡಿದ್ದ ಮಾತು ಅಮ್ಮನಿಗೆ ನೆನಪಿದ್ದಿರಬೇಕು. ಅವಳು ಅವನ ಮುಖ ನೋಡಿದಳು.

ಸ್ವಲ್ಪ ದಿನಕ್ಕೆ ಅಪ್ಪನನ್ನು ಸ್ಟೀರಿಂಗಿನಿಂದ ಇಳಿಸಿ ಡಿಪೋದಲ್ಲಿ ಬಸ್ ತೊಳೆಯಲು ಹಾಕಿದರು. ಇಂಥವಳ ಅಣ್ಣನ ಕೈಗೆ ಜನರ ಜೀವ ಕೊಡುವುದು ಹೇಗೆ ಎಂದರಂತೆ. ಅವನ ಕಾಲ ಬೆರಳುಗಳ ಸಂದಿ ಸದಾ ಒದ್ದೆಯಿಂದ ಬೆಳ್ಳಗಾಗಿ ಸುಲಿದುಕೊಂಡಿರುತ್ತಿತ್ತು. ಜೈಲಿಗೆ ನೋಡಲು ಅಮ್ಮನೇ ಹೋಗುತ್ತಿದ್ದಳು. ಬಂದು ಅಜ್ಜಿಗೆ, "ದಪ್ಪ ಆಗಿದಾಳೆ ಅತ್ತೆಮ್ಮ, ಚೆನ್ನಾಗಿದಾಳೆ" ಎಂದು ಸುಳ್ಳು ಹೇಳುತ್ತಿದ್ದಳು.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯನ್ನು ಬಿಟ್ಟರು. ಹಿಡಿದದ್ದಕ್ಕೆ ಕಾರಣ ಹೇಳದವರು ಬಿಟ್ಟದ್ದಕ್ಕೂ ಹೇಳಲಿಲ್ಲ. ಸಂಘದ ಕಾರ್ಯದರ್ಶಿ ಮಾತ್ರ ವಾಪಸ್ ಬರಲಿಲ್ಲ. ಗಂಡಸರ ಜೈಲಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡನೆಂದು ಸುದ್ದಿ ಬಂತು. ಆ ಸುದ್ದಿ ಬಂದ ದಿನ ಅಪ್ಪ ಡಿಪೋಗೆ ಹೋಗದೆ ಗೋಡೆಯ ಕಡೆ ತಿರುಗಿ ಮಲಗಿದ್ದ.

ಮುಂದಿನ ಚುನಾವಣೆಗೆ ಅತ್ತೆ ಎಂದಿನಂತೆ ಅಜ್ಜಿಯನ್ನು ಕರೆದುಕೊಂಡು ಹೊರಟಳು. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು, ನಡೆಯಲು ಹೆಗಲು ಬೇಕಿತ್ತು. ನಾನೂ ಜೊತೆಗಿದ್ದೆ. ಮತಗಟ್ಟೆಯ ಅಧಿಕಾರಿ ಅಜ್ಜಿಯನ್ನು ಒಳಗೆ ಬಿಟ್ಟು ಅತ್ತೆಯನ್ನು ತಡೆದ.

"ನಿಮ್ಮ ಹೆಸರು ತೆಗೆದಿದಾರೆ."

"ಯಾಕೆ?"

"ಭದ್ರತಾ ತಿದ್ದುಪಡಿಯಲ್ಲಿ ಒಳಗಿದ್ದವರಿಗೆ ಮತ ಇಲ್ಲ. ಹೊಸ ತಿದ್ದುಪಡಿ. ಹೋದ ವರ್ಷ ಆಯ್ತು."

"ಹೋದ ವರ್ಷ ನಾನು ಒಳಗಿದ್ದೆ. ನನಗೆ ಯಾರೂ ಹೇಳಲಿಲ್ಲ."

"ಈಗ ಹೇಳಿದೆನಲ್ಲ" ಎಂದ ಅವನು. ಬೇಕೆಂದು ನೋಯಿಸುವವನ ಹಾಗಿರಲಿಲ್ಲ. ಹಿಂದೆ ಉದ್ದ ಸಾಲಿತ್ತು, ಬಿಸಿಲಿತ್ತು.

"ಎಷ್ಟು ದಿನಕ್ಕೆ?"

"ದಿನದ ಲೆಕ್ಕ ಇಲ್ಲಮ್ಮ. ಇನ್ನು ಇಲ್ಲ, ಅಷ್ಟೇ."

ಅಜ್ಜಿ ಒಳಗಿಂದ, "ಎಲ್ಲಿದೀಯೇ? ನನಗೆ ಕಾಣ್ತಿಲ್ಲ" ಎಂದು ಕೂಗಿದಳು. ಅತ್ತೆ ಹಗ್ಗದ ಆಚೆ ನಿಂತೇ, "ಎಡಗಡೆ ಮೇಜಿದೆ ಅಮ್ಮ. ಕೈ ಚಾಚು, ಪರದೆ ಸಿಗುತ್ತೆ" ಎಂದು ಗಟ್ಟಿಯಾಗಿ ಹೇಳಿದಳು. ಆ ದನಿ ಕೇಳಿ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗುರುತು ಸಿಕ್ಕಿದವರು ಮುಖ ತಿರುಗಿಸಿಕೊಂಡರು. ಅಷ್ಟು ಜನರ ನಡುವೆ ಅತ್ತೆ ಕೈ ಕಟ್ಟಿಕೊಂಡು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜೈಲಿನಿಂದ ಬಂದಾಗ ಅಳದವಳು ಆವತ್ತು ಮನೆಗೆ ಬಂದು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ಸರ್ಕಾರಿ ಕೆಲಸ ಮತ್ತೆ ಸಿಗುವ ಮಾತೇ ಇರಲಿಲ್ಲ. ಒಂದು ಟ್ಯಾಕ್ಸಿ ಕಂಪನಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಮೊದಮೊದಲು ಅವಳು "ಹಲೋ" ಎಂದರೆ ಆ ಕಡೆಯವರು ಪಟ್ಟನೆ ಇಟ್ಟುಬಿಡುತ್ತಿದ್ದರು. ಅವಳು ಯಾರನ್ನು ಎಚ್ಚರಿಸಿದ್ದಳೋ ಅವರಿಗೂ ಅವಳ ಭಯವೇ. ತಮ್ಮ ಯಾವ ಯಾವ ಮಾತು ಅವಳ ಕಿವಿಗೆ ಬಿದ್ದಿದೆಯೋ ಎಂಬ ಅಳುಕು. ಬೀದಿಯಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರೆ ಅವಳು ಹತ್ತಿರ ಬಂದ ಕೂಡಲೇ ಮಾತು ಸೊಪ್ಪಿಗೂ ಹಾಲಿಗೂ ಇಳಿಯುತ್ತಿತ್ತು. "ಈಗ ನಾನು ಕೆಮ್ಮೋದೇ ಬೇಡ, ನಾನೇ ಒಂದು ಕೆಮ್ಮು" ಎಂದು ಒಮ್ಮೆ ನನ್ನ ಹತ್ತಿರ ನಗಾಡಿದಳು. ನಗು ಕಣ್ಣಿನವರೆಗೆ ಹೋಗಲಿಲ್ಲ. ಅಜ್ಜಿ ತೀರಿಕೊಂಡದ್ದೂ ಆ ವರ್ಷಗಳಲ್ಲೇ.

ನಾನು ಕಾಲೇಜಿಗೆ ಬರುವ ಹೊತ್ತಿಗೆ ಎಕ್ಸ್‌ಚೇಂಜಿನಲ್ಲಿ ಬೋರ್ಡು ಹೋಗಿ ಯಂತ್ರ ಬಂದಿತ್ತು, ಸರ್ಕಾರವೂ ಬದಲಾಗಿತ್ತು. ಹೊಸ ಸರ್ಕಾರಕ್ಕೆ ಧೈರ್ಯ ಅರ್ಧ. ಭದ್ರತಾ ತಿದ್ದುಪಡಿಯನ್ನು ಮುಟ್ಟಲಿಲ್ಲ. ಅದರಡಿ ಬಂಧನದಲ್ಲಿದ್ದವರಿಗೆ ಮತದ ಹಕ್ಕನ್ನು ವಾಪಸ್ ಕೊಡಬೇಕೋ ಬೇಡವೋ ಎಂದಷ್ಟೇ ಜನರ ಮುಂದಿಟ್ಟು 'ಬೇಕು', 'ಬೇಡ' ಎಂದು ಮತ ಹಾಕಲು ಹೇಳಿತು. ನನಗೆ ಅದೇ ಮೊದಲ ಮತ.

"ನನ್ನ ವಿಷಯ ಊರಿಗೆಲ್ಲ ಕೇಳ್ತಾರಂತೆ, ನನ್ನನ್ನೊಬ್ಬಳನ್ನ ಬಿಟ್ಟು" ಎಂದಳು ಅತ್ತೆ. ಆದರೂ ಅವಳು ಸುಮ್ಮನೆ ಕೂರಲಿಲ್ಲ. ಟ್ಯಾಕ್ಸಿ ಕಂಪನಿಗೆ ರಜೆ ಹಾಕಿ ನಮ್ಮ ಬೀದಿಯ ಮನೆಮನೆಗೂ ಹೋದಳು. ನಾನೂ ಹೋದೆ. ದರ್ಜಿ ಮುದುಕನಾಗಿದ್ದ, ಅವಳ ಎರಡೂ ಕೈ ಹಿಡಿದುಕೊಂಡು, "ಬೇಕು ಅಂತಲೇ ಹಾಕ್ತೀನಿ, ಹಲೋ ಅಕ್ಕ" ಎಂದ. ಅವನ ಹೆಂಡತಿ ಒಳಗಿಂದ ಬಂದು, "ನೀವು ಹಾಕಿ. ನಾನು ಹಾಕಲ್ಲ. ನನ್ನ ತವರಿಗೆ ಫೋನ್ ಮಾಡಿ ನಾನು ಅತ್ತಿದ್ದೆಲ್ಲ ಇವಳಿಗೆ ಗೊತ್ತು" ಎಂದಳು.

"ನಿಮ್ಮ ನಂಬರಿಗೆ ಚುಕ್ಕೆ ಇರಲಿಲ್ಲಮ್ಮ. ನಾನು ಕೇಳಿಲ್ಲ" ಎಂದಳು ಅತ್ತೆ.

"ಅದು ನನಗೆ ಹೇಗೆ ಗೊತ್ತಾಗಬೇಕು?" ಎಂದಳು ಅವಳು. ನಾವು ಮುಂದಿನ ಮನೆಗೆ ಹೋದೆವು.

ಮತದಾನದ ಹಿಂದಿನ ದಿನ ಸಂಜೆ ಅಪ್ಪ ಡಿಪೋದಿಂದ ಬಂದು ಟೀ ಕುಡಿಯುತ್ತಿದ್ದ. ಅತ್ತೆ ಎದುರಿಗೆ ಬಂದು ಕೂತಳು.

"ಅಣ್ಣ, ಬೀದಿಯಲ್ಲೆಲ್ಲ ಕೇಳಿದೆ. ನಿನ್ನ ಕೇಳೋದು ಉಳಿದಿದೆ."

"ನನ್ನ ಕೇಳಬೇಡ."

"ಯಾಕೆ?"

"ಕೇಳಬೇಡ ಅಂದೆನಲ್ಲ."

"ಬೇಡ ಅಂತ ಹಾಕ್ತೀಯಾ?"

ಅಪ್ಪ ಲೋಟ ಕೆಳಗಿಟ್ಟ. "ಹೌದು. ಬೇಡ ಅಂತಲೇ ಹಾಕ್ತೀನಿ. ನಿನ್ನ ಒಂದು ಕೆಮ್ಮಿಗೆ ಮನೆಗೆಲ್ಲ ಜ್ವರ ಬಂತು. ಇಪ್ಪತ್ತು ಬಸ್ಸು ತೊಳೀತೀನಿ ದಿನಾ, ಡ್ರೈವರ್ ಆಗಿದ್ದೋನು."

"ಅದಕ್ಕಾ? ಅದೊಂದೇ ಕಾರಣವಾ?" ಅತ್ತೆಯ ದನಿ ಏರಲಿಲ್ಲ. "ಜ್ವರ ಅಂತ ನೀನು ಮಲಗಿದ ದಿನ ಮಧ್ಯಾಹ್ನ ಡಿಪೋದಿಂದ ಸಂಘದ ಆಫೀಸಿಗೆ ಫೋನ್ ಮಾಡಿದ್ದೆ. ಜೋಡಿಸಿದ್ದು ನಾನು. ನಾನು ಕೆಮ್ಮಿದ್ದು ನಿನಗೆ ಕೇಳಿಸ್ತು."

ಅಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು. ಅಪ್ಪ ಒಂದೇ ಸಮನೆ ಮಾತಾಡಿದ.

"ಕೇಳಿಸ್ತು. ನಿನ್ನ ಕೆಮ್ಮು ನನಗೆ ಗೊತ್ತಾಗಲ್ವಾ? ಚಿಕ್ಕವಳಿದ್ದಾಗ ಪಕ್ಕದಲ್ಲೇ ಮಲಗ್ತಿದ್ದೆ. ಫೋನ್ ಇಟ್ಟೆ. ಮನೆಗೆ ಬಂದು ಕಂಬಳಿ ಹೊದ್ಕೊಂಡೆ. ಆ ಕಡೆ ಇದ್ದವನಿಗೆ ಇನ್ನೂ ಗೊತ್ತಿರಲಿಲ್ಲ ಆ ಕೆಮ್ಮಿನ ಅರ್ಥ. ಮನೇಲಿ ಕೆಮ್ಮದವಳು ಅಲ್ಲಿ ಯಾಕೆ ಕೆಮ್ತೀಯ ಅಂತ ನನಗೆ ಗೊತ್ತಿತ್ತು. ಸೈಕಲ್ ಹತ್ತಿದ್ರೆ ಅವನ ಮನೆಗೆ ಎಷ್ಟು ದೂರ? ಹೋಗಲಿಲ್ಲ. ಅವನನ್ನ ಹಿಡಿದ್ರು, ಅವನು ಸತ್ತ. ನಾನು ಇಲ್ಲಿದೀನಿ, ಟೀ ಕುಡೀತಿದೀನಿ. ಡಿಪೋದಲ್ಲಿ ನನ್ನ ಜೊತೆ ಊಟಕ್ಕೆ ಕೂರೋರಿಲ್ಲ. ನೀನು ಕೆಮ್ಮದೇ ಇದ್ದಿದ್ರೆ ನಾನೂ ಅವನ ಜೊತೆ ಹೋಗ್ತಿದ್ದೆ. ಅದಾದ್ರೂ ಇರ್ತಿತ್ತು ನನಗೆ."

"ನಿನ್ನನ್ನ ಉಳಿಸಿದ್ದು ತಪ್ಪಾ?"

"ನನಗೆ ಗೊತ್ತಿಲ್ಲ. ನಿನ್ನ ಮುಖ ನೋಡಿದಾಗಲೆಲ್ಲ ಅವನ ಮುಖ ಕಾಣುತ್ತೆ. ನೀನು ಆ ಸಾಲಿನಲ್ಲಿ ನಿಂತು ಮತ ಹಾಕಿ ಬಂದ್ರೆ ಎಲ್ಲ ಸರಿಹೋಯ್ತು ಅಂತಾರೆ ಜನ. ಸರಿಹೋಗಿಲ್ಲ."

ಮರುದಿನ ನಾನು, ಅಮ್ಮ 'ಬೇಕು' ಎಂದು ಹಾಕಿ ಬಂದೆವು. ಅಪ್ಪ ಏನು ಹಾಕಿದನೆಂದು ಅವನೇ ಊಟದ ಹೊತ್ತಿಗೆ ಹೇಳಿದ. ಹೇಳಿದ್ದನ್ನೇ ಮಾಡಿದ್ದ. ಅತ್ತೆ ಅವನ ತಟ್ಟೆಗೆ ಬಡಿಸುತ್ತಿದ್ದವಳು ಬಡಿಸುವುದನ್ನು ಪೂರ್ತಿ ಮಾಡಿಯೇ ಎದ್ದಳು.

ಫಲಿತಾಂಶ ಬಂದಾಗ 'ಬೇಡ' ಗೆದ್ದಿತ್ತು. ಬಹಳ ದೊಡ್ಡ ಅಂತರವೇನಲ್ಲ, ಆದರೂ ಗೆಲುವು ಗೆಲುವೇ. ಅಪ್ಪನ ಒಂದು ಮತದಿಂದ ಏನೂ ಆಗುತ್ತಿರಲಿಲ್ಲ ಎಂದು ನಾನು ಅತ್ತೆಯನ್ನು ಸಮಾಧಾನ ಮಾಡಲು ಹೋದೆ. ಅವಳು ಬಟ್ಟೆ ಮಡಚುತ್ತ, "ಒಂದು ಮತದಿಂದ ಏನೂ ಆಗಲ್ಲ ಅಂತ ನನ್ನ ಹತ್ತಿರ ಹೇಳಬೇಡ ಪುಟ್ಟಿ" ಎಂದಳು. ಆ ವಾರವೇ ಟ್ಯಾಕ್ಸಿ ಕಂಪನಿಯ ಮಹಡಿಯ ಮೇಲಿನ ಕೋಣೆಗೆ ಹೊರಟುಹೋದಳು. ಅಮ್ಮ ಬಾಗಿಲಲ್ಲಿ ಅಡ್ಡ ನಿಂತು ಬೇಡಿಕೊಂಡಳು. "ಜಗಳ ಅಲ್ಲ ಅತ್ತಿಗೆ. ಅಣ್ಣನಿಗೆ ನನ್ನ ಮುಖ ಕಾಣದೇ ಇದ್ರೆ ಊಟ ಸೇರುತ್ತೆ" ಎಂದು ಹೇಳಿ ಮೆಟ್ಟಿಲಿಳಿದಳು.

ಅಣ್ಣ ತಂಗಿ ಅನೇಕ ವರ್ಷ ಮಾತಾಡಲಿಲ್ಲ. ನನ್ನ ಮದುವೆಯಲ್ಲೂ ಒಬ್ಬರು ಒಂದು ಮೂಲೆ, ಇನ್ನೊಬ್ಬರು ಇನ್ನೊಂದು ಮೂಲೆ. ಅಪ್ಪ ನಿವೃತ್ತನಾದ, ಅವನ ಮಂಡಿ ಹಿಡಿದುಕೊಂಡಿತು. ಅತ್ತೆಯ ಕೂದಲು ಪೂರ್ತಿ ಬೆಳ್ಳಗಾಯಿತು.

ಮತ್ತೊಂದು ಸರ್ಕಾರ ಬಂದು, ಯಾರನ್ನೂ ಕೇಳದೆ, ಶಾಸನಸಭೆಯಲ್ಲೇ ಮತದ ಹಕ್ಕನ್ನು ವಾಪಸ್ ಕೊಡುವ ತಿದ್ದುಪಡಿ ಪಾಸು ಮಾಡಿದ ಮರುದಿನ ನಾನು ಅತ್ತೆಯ ಕೋಣೆಯಲ್ಲಿದ್ದೆ. ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಎಳೆಯುವ ಸದ್ದಾಯಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ, ಕಂಕುಳಲ್ಲಿ ಪೇಪರ್, ಮುಖದ ತುಂಬ ಬೆವರು.

ಅತ್ತೆ ಕುರ್ಚಿ ಎಳೆದುಕೊಟ್ಟಳು. ಅಪ್ಪ ಪೇಪರನ್ನು ಅವಳ ಕಡೆ ಚಾಚಿ, "ಓದು" ಎಂದ.

"ಕನ್ನಡಕ ಎಲ್ಲೋ ಇಟ್ಟಿದೀನಿ. ನೀನೇ ಓದು."

ಅಪ್ಪ ಓದಿದ. ಬಸ್ಸಿನ ಬೋರ್ಡು ಓದುವವನ ಹಾಗೆ, ಒಂದೊಂದೇ ಪದ ಬಿಡಿಸಿ. ಓದಿ ಮುಗಿದ ಮೇಲೆ ಅತ್ತೆ ಕೇಳಿದಳು, "ಕಾರಣ ಹೇಳದೆ ಹಿಡಿಯೋ ವಿಷಯ?"

ಅಪ್ಪ ಪುಟದ ಮೇಲಿಂದ ಕೆಳಗೆ ಮತ್ತೆ ನೋಡಿದ. "ಅದರ ಬಗ್ಗೆ ಏನೂ ಬರೆದಿಲ್ಲ."

"ಹಾಗಾದ್ರೆ ಅದು ಇದ್ದ ಹಾಗೇ ಇದೆ."

"ಹಾಗೇ ಇದೆ."

ಕೆಳಗೆ ಯಾರೋ ಟ್ಯಾಕ್ಸಿಯ ಎಂಜಿನ್ ಶುರು ಮಾಡಲು ಒದ್ದಾಡುತ್ತಿದ್ದರು. ಅಪ್ಪ ಪೇಪರನ್ನು ಮಡಚುತ್ತ, "ಆವತ್ತು ಹೋಗಿ ಅವನಿಗೆ ಹೇಳಬೇಕಿತ್ತು" ಎಂದ.

"ಹೇಳಬೇಕಿತ್ತು" ಎಂದಳು ಅತ್ತೆ. ಅವನನ್ನು ಸಮಾಧಾನ ಮಾಡಲಿಲ್ಲ. ಆದರೆ ಟೀಗೆ ನೀರಿಟ್ಟಳು.

ಆ ಬಾರಿಯ ಚುನಾವಣೆಯಲ್ಲಿ ಅತ್ತೆ ಮತ ಹಾಕಿದಳು. ಭದ್ರತಾ ತಿದ್ದುಪಡಿಯನ್ನು ಪೂರ್ತಿ ತೆಗೆಯುತ್ತೇನೆ ಎಂದು ನಿಂತಿದ್ದವರು ನಮ್ಮ ಕ್ಷೇತ್ರದಲ್ಲಿ ಒಬ್ಬರೇ, ಒಬ್ಬ ಶಾಲಾ ಮೇಡಂ. ಅವರು ಸೋತರು, ಠೇವಣಿಯೂ ಹೋಯಿತು. "ಹೋಗಲಿ, ಯಾರಿಗೆ ಹಾಕಿದೆ ಅಂತ ಗೊತ್ತಿದೆ, ಯಾಕೆ ಹಾಕಿದೆ ಅಂತಲೂ ಗೊತ್ತಿದೆ" ಎಂದಳು. ಆಮೇಲೆ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಈಗ ಪೊಲೀಸರಿಗೆ ಆಪರೇಟರ್ ಬೇಕಾಗಿಲ್ಲ. ಕೇಳುವುದನ್ನೆಲ್ಲ ಯಂತ್ರವೇ ಕೇಳುತ್ತದೆ, ಅದು ಕೆಮ್ಮುವುದಿಲ್ಲ. ಕಳೆದ ವರ್ಷ ಕಾಲೇಜು ಹುಡುಗ ಹುಡುಗಿಯರನ್ನು ಗುಂಪಾಗಿ ಹಿಡಿದರು, ಕಾರಣ ಹೇಳಲಿಲ್ಲ. ಆವತ್ತಿನಿಂದ ಅತ್ತೆ ಭೇಟಿಯ ದಿನ ಬಂದರೆ ಮಹಿಳಾ ಜೈಲಿನ ಹೊರಗಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಯಾರನ್ನೂ ನೋಡಲು ಬಂದವಳಲ್ಲ. ಮೊದಲ ಸಲ ಬರುವ ತಾಯಂದಿರಿಗೆ ಎಲ್ಲಿ ನಿಲ್ಲಬೇಕು, ಏನು ತರಬಹುದು, ಯಾರನ್ನು ಕೇಳಿದರೆ ಉತ್ತರ ಸಿಗುತ್ತದೆ ಎಂದು ಗೊತ್ತಿರುವುದಿಲ್ಲ. ಒಂದು ದಿನ ಅವಳಿಗೆ ಊಟ ತೆಗೆದುಕೊಂಡು ನಾನು ಹೋದಾಗ ಅವಳ ಪಕ್ಕದಲ್ಲಿ ಒಬ್ಬ ಹೆಂಗಸು ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ದಾರ ಇರೋ ಬಟ್ಟೆ ಒಳಗೆ ಬಿಡಲ್ಲಮ್ಮ, ಈ ಲಾಡಿ ಎಳೆದುಬಿಡು" ಎಂದು ಅತ್ತೆ ಅವಳಿಗೆ ಹೇಳುತ್ತಿದ್ದಳು. "ನೆಲ ತಣ್ಣಗಿರುತ್ತೆ, ಕಾಲುಚೀಲ ಎರಡು ಜೊತೆ ಕೊಡು. ಒಳಗೆ ಅಳಬೇಡ. ನಿನ್ನ ಮಗಳು ರಾತ್ರಿಯಿಡೀ ಅದನ್ನೇ ನೆನೆಸ್ಕೊಳ್ತಾಳೆ. ಅಳೋದಿದ್ರೆ ಈಗಲೇ ಇಲ್ಲೇ ಅತ್ತುಬಿಡು, ಇನ್ನೂ ಟೈಮಿದೆ."

ಆ ಹೆಂಗಸು ಗಂಟಿನೊಳಗಿನ ಪೈಜಾಮ ತೆಗೆದಳು. ಎಷ್ಟು ಎಳೆದರೂ ಲಾಡಿಯ ಗಂಟು ಬಿಚ್ಚಲಿಲ್ಲ. ಅತ್ತೆ ಅದನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಕನ್ನಡಕ ಮೂಗಿನ ಮೇಲೆ ಸರಿಪಡಿಸಿ, ಲಾಡಿಯನ್ನು ನಿಧಾನವಾಗಿ ಎಳೆಯತೊಡಗಿದಳು.